ಇನ್ನೊಮ್ಮೆ, ಸಪ್ಪೆಯಾಗಿ

"ಇನ್ನೊಮ್ಮೆ ಓದಿ," ಎಂದಳು ಅವಳು. "ಈ ಸಲ ಸ್ವಲ್ಪ ಸಪ್ಪೆಯಾಗಿ."

ಮೈಕಿನ ಮುಂದೆ ಕೂತಿದ್ದವನು ತಲೆಯೆತ್ತಿ ನೋಡಿದ. ಸೋಪು, ಸಿಮೆಂಟು, ಬ್ಯಾಂಕು, ರೈಲು ಹೊರಡುವ ಹೊತ್ತು, ಹೀಗೆ ಎಲ್ಲಕ್ಕೂ ದನಿ ಕೊಟ್ಟು ಹೊಟ್ಟೆ ಹೊರೆದುಕೊಂಡವನು. ಇನ್ನಷ್ಟು ಜೀವ ತುಂಬಿ ಎನ್ನುವವರನ್ನು ಬೇಕಾದಷ್ಟು ಕಂಡಿದ್ದ. ಇರುವ ಜೀವವನ್ನೂ ತೆಗೆಯಿರಿ ಎನ್ನುವವಳನ್ನು ಕಂಡದ್ದು ಇದೇ ಮೊದಲು.

"ಸಪ್ಪೆ ಅಂದ್ರೆ ಹೇಗೆ ಮೇಡಂ?"

"ನೀವು ಓದಿದ್ದು ಕೇಳಿದ್ರೆ ಅಯ್ಯೋ ಪಾಪ ಅನ್ಸುತ್ತೆ. ಹಾಗನ್ನಿಸಬಾರದು."

ಅವನು ಓದಿದ್ದ ವಾಕ್ಯ ಇಷ್ಟೇ: 'ಮನಸ್ಸು ಬಿಚ್ಚಿ ಮಾತಾಡುವಷ್ಟು ಹತ್ತಿರದವರು ನನಗೆ ಯಾರೂ ಇಲ್ಲ.' ಅದನ್ನು ಎಷ್ಟು ಚೆನ್ನಾಗಿ ಓದಿದ್ದನೆಂದರೆ, ನೆಲ ಒರೆಸಲು ಬಂದಿದ್ದ ಆಯಾ ಕೆಲಸ ಬಿಟ್ಟು ನಿಂತು, ನಿಟ್ಟುಸಿರು ಬಿಟ್ಟು ಹೋಗಿದ್ದಳು. ಓದಿಸುತ್ತಿದ್ದವಳು ಮಾತ್ರ ಗುಂಡುಕಲ್ಲಿನ ಹಾಗೆ ಕೂತಿದ್ದಳು.

ಆಸ್ಪತ್ರೆಯ ಮನೋವೈದ್ಯ ವಿಭಾಗದಲ್ಲಿ ಪರೀಕ್ಷೆಗಳನ್ನು ಮಾಡುವ ಮನಶ್ಶಾಸ್ತ್ರಜ್ಞೆ ಅವಳು. ರೋಗಿಗಳ ಬಾಯಲ್ಲಿ ಪ್ರಶ್ನೆ ಮೇಡಂ. ಒಬ್ಬ ಮನುಷ್ಯನ ಸ್ವಭಾವ ಎಲ್ಲಿಯವರೆಗೆ ಬರೀ ಸ್ವಭಾವ, ಎಲ್ಲಿಂದಾಚೆಗೆ ಅವನಿಗೂ ಅವನ ಜೊತೆಗಿರುವವರಿಗೂ ಬದುಕನ್ನೇ ಕಷ್ಟ ಮಾಡುವಷ್ಟು ಬಿಗಿದುಕೊಂಡಿದೆ ಎಂದು ಅಳೆಯುವ ಪ್ರಶ್ನಾವಳಿಗಳಿವೆಯಲ್ಲ, ಅವು ಅವಳ ಕೆಲಸ. ಯಾರನ್ನೂ ನಂಬದವರು, ತಮ್ಮನ್ನು ಬಿಟ್ಟರಿಲ್ಲ ಎನ್ನುವವರು, ಒಬ್ಬರಿಗೇ ಬಳ್ಳಿಯ ಹಾಗೆ ಅಂಟಿಕೊಳ್ಳುವವರು, ಯಾರೂ ಬೇಡವೆಂದು ದೂರವೇ ಉಳಿಯುವವರು, ಎಲ್ಲರಿಗೂ ಒಂದೇ ವಾಕ್ಯಗಳ ಸಾಲು. ಪ್ರತಿ ವಾಕ್ಯಕ್ಕೂ 'ನನಗೆ ಒಪ್ಪುತ್ತದೆ' ಅಥವಾ 'ಒಪ್ಪುವುದಿಲ್ಲ' ಎಂದು ಗುರುತು ಹಾಕಬೇಕು.

ಕಣ್ಣು ಮಂಜಾದವರಿಗೂ, ತಡವರಿಸಿ ಓದುವವರಿಗೂ ಅದನ್ನು ದನಿಯಲ್ಲಿ ಕೇಳಿಸಬೇಕೆಂದು ವಿಭಾಗದ ಮುಖ್ಯಸ್ಥೆ ಡಾಕ್ಟರಮ್ಮ ಹಟ ಹಿಡಿದಿದ್ದರು. ಹಾಗಾಗಿ ಈ ರೆಕಾರ್ಡಿಂಗ್. ಜಾಗ, ಹಳೆಯ ಎಕ್ಸ್‌ರೇ ಕೋಣೆ. ಅದರ ಸೀಸದ ಬಾಗಿಲು ಮುಚ್ಚಿದರೆ ಹೊರಗಿನ ಗಲಾಟೆ ಒಂದಿಷ್ಟೂ ಒಳಗೆ ಬಾರದು.

"ಓದೋ ದನಿ ಮರುಗಿದ್ರೆ ಕೇಳೋರು ಹೌದು ಅಂತಾರೆ. ಗದರಿದ್ರೆ ಇಲ್ಲ ಅಂತಾರೆ," ಎಂದು ಅವಳು ವಿವರಿಸಿದಳು. "ಅವರ ಉತ್ತರ ಅವರದ್ದೇ ಆಗಿರಬೇಕು. ನಿಮ್ಮದಲ್ಲ."

"ಅಂದ್ರೆ ನಾನು ಇದ್ದೂ ಇಲ್ಲದ ಹಾಗಿರಬೇಕು."

"ಅಷ್ಟೇ."

"ನೀವು ಹೇಗಿದ್ದೀರೋ ಹಾಗೆ," ಎಂದವನು ತಟ್ಟನೆ ನಾಲಿಗೆ ಕಚ್ಚಿಕೊಂಡ. ಆದರೆ ಅವಳಿಗೆ ಅದು ನೋಯಲಿಲ್ಲ. ಸರಿಯಾಗಿಯೇ ಹೇಳಿದ ಎನ್ನಿಸಿತು, ಅಷ್ಟೇ.

ನಡುವೆ ಮಾತಾಡಿದರೆ ರೆಕಾರ್ಡಿಂಗ್ ಕೆಡುತ್ತದೆ. ಅದಕ್ಕೊಂದು ಏರ್ಪಾಡು ಮಾಡಿಕೊಂಡರು. ದನಿಯಲ್ಲಿ ಎಲ್ಲಾದರೂ ಭಾವನೆ ಇಣುಕಿದರೆ ಅವಳು ತೋರುಬೆರಳು ಎತ್ತುವುದು. ಅವನು ಅದೇ ವಾಕ್ಯವನ್ನು ಮತ್ತೆ ಸಪ್ಪೆಯಾಗಿ ಓದುವುದು.

ಮೊದಲ ದಿನಗಳಲ್ಲಿ ಆ ಬೆರಳಿಗೆ ಬಿಡುವೇ ಇರಲಿಲ್ಲ. ಬರಬರುತ್ತಾ ಅವನು ಪಳಗಿದ. ಪಳಗಿದ ಮೇಲೆ, ಬೇಕೆಂದೇ ತಪ್ಪು ಮಾಡತೊಡಗಿದ. 'ನನ್ನಷ್ಟು ಯೋಗ್ಯರು ಸುತ್ತಮುತ್ತ ಯಾರೂ ಇಲ್ಲ ಎಂದು ನನಗೆ ಒಳಗೊಳಗೇ ಗೊತ್ತು' ಎಂಬುದನ್ನು ಎದೆಯುಬ್ಬಿಸಿ, ಹುಬ್ಬು ಹಾರಿಸಿ, ಸಿಂಹಾಸನದ ಮೇಲೆ ಕೂತವನ ಹಾಗೆ ಓದಿದ. ಬೆರಳು ಮೇಲೆದ್ದಿತು.

"ಇದನ್ನ ಸಪ್ಪೆಯಾಗಿ ಓದಿದ್ರೆ ಸತ್ಯಕ್ಕೆ ದ್ರೋಹ ಮಾಡಿದ ಹಾಗಾಗುತ್ತೆ ಮೇಡಂ."

"ಓದಿ."

ಓದಿದ. ಮುಂದಿನದು, 'ಜನ ನನ್ನ ಬೆನ್ನ ಹಿಂದೆ ನನ್ನ ಬಗ್ಗೆ ಮಾತಾಡಿಕೊಳ್ಳುತ್ತಾರೆ.'

"ಇದು ನನ್ನ ವಿಷಯದಲ್ಲಿ ನಿಜ. ನರ್ಸ್‌ಗಳೆಲ್ಲ ನನ್ನನ್ನ ರೇಡಿಯೋ ಅಂತಾರೆ."

"ಅವರು ಎದುರಿಗೇ ಅಂತಾರೆ. ಅದು ಇದರಲ್ಲಿ ಬರಲ್ಲ."

ರೇಡಿಯೋ ನಕ್ಕ. ಅವನು ನಕ್ಕರೆ ಮೊದಲು ಕಣ್ಣಿನ ಅಂಚು ಸುಕ್ಕಾಗುತ್ತಿತ್ತು, ಆಮೇಲೆ ತುಟಿ. ಅವಳು ಅದನ್ನು ಗಮನಿಸಿದ್ದಳು. ಗಮನಿಸುವುದು ಅವಳ ಕಸುಬು, ಅದಕ್ಕಿಂತ ಹೆಚ್ಚೇನೂ ಇಲ್ಲ ಎಂದು ಅವಳೇ ಅಂದುಕೊಂಡಿದ್ದಳು.

'ಇದುವರೆಗೆ ನಾನು ಒಂದೇ ಒಂದು ಸುಳ್ಳೂ ಹೇಳಿಲ್ಲ' ಎಂಬ ವಾಕ್ಯ ಬಂದಾಗ ಅವನು ಹಾಳೆ ಕೆಳಗಿಟ್ಟ.

"ಇದಕ್ಕೆ ಹೌದು ಅನ್ನೋರು ಇರ್ತಾರಾ?"

"ಇರ್ತಾರೆ. ಅಂಥವರ ಉಳಿದ ಉತ್ತರಗಳನ್ನ ನಾವು ಹುಷಾರಾಗಿ ಓದ್ತೀವಿ. ಅದಕ್ಕೇ ಇಟ್ಟಿರೋದು."

"ಹಾಗಾದ್ರೆ ನಾನೊಂದು ಸುಳ್ಳು ಹೇಳಿಬಿಡ್ಲಾ?"

"ಹೇಳಿ."

"ನಿಮ್ಮ ಬೆರಳು ಮೇಲೇಳೋದು ನೋಡಿದ್ರೆ ನನಗೆ ಭಾರೀ ಬೇಜಾರಾಗುತ್ತೆ."

ಬೇರೆ ಯಾರಾಗಿದ್ದರೂ ಕೆನ್ನೆ ಬಿಸಿಯಾಗುತ್ತಿತ್ತು. ಅವಳು ಪುಟ ತಿರುವಿದಳು.

ಹಾಗೆಂದು ಅವಳಿಗೆ ಸೊಕ್ಕು ಎಂದುಕೊಳ್ಳಬೇಡಿ. ಅವಳೊಳಗೆ ತುಂಬಾ ದಿನದಿಂದ ಯಾವ ಮಾತೂ ಇಳಿಯುತ್ತಿರಲಿಲ್ಲ. ಕ್ಯಾಂಟೀನಿನವನು ಟೀಗೆ ಸಕ್ಕರೆ ಹಾಕಲು ಮರೆತರೆ ಹಾಗೆಯೇ ಕುಡಿದು ಎದ್ದು ಬರುತ್ತಿದ್ದಳು. ಹಳೆಯ ಗೆಳತಿಯರು ಫೋನ್ ಮಾಡಿದರೆ ಸರಿಯಾದ ಜಾಗದಲ್ಲಿ ನಗುತ್ತಿದ್ದಳು, ಫೋನಿಟ್ಟ ಮೇಲೆ ಅವರು ಹೇಳಿದ್ದೇನೆಂದು ನೆನಪಿರುತ್ತಿರಲಿಲ್ಲ. ಅಮ್ಮ ಕಾಯಿಲೆ ಬಿದ್ದು ಹಾಸಿಗೆ ಹಿಡಿದಾಗ ನೋಡಿಕೊಂಡವಳು ಅವಳೇ. ಅಮ್ಮ ತೀರಿಕೊಂಡ ದಿನ ಮನೆ ತುಂಬಾ ಜನ, ಎಲ್ಲರ ಕಣ್ಣಲ್ಲೂ ನೀರು. ಅವಳ ಕಣ್ಣು ಮಾತ್ರ ಒಣಗಿತ್ತು. "ಒಂದು ಹನಿ ಬರಲಿಲ್ಲ ನೋಡಿ. ಏನು ಎದೆಯೋ ಇವಳದ್ದು," ಎಂದು ಚಿಕ್ಕಮ್ಮ ಪಕ್ಕದವರ ಕಿವಿಯಲ್ಲಿ ಅಂದದ್ದು ಅವಳಿಗೂ ಕೇಳಿಸಿತ್ತು. ಇರಬಹುದು, ನಾನು ಇಂಥವಳೇ ಇರಬಹುದು ಎಂದು ಅವತ್ತೇ ಒಪ್ಪಿಕೊಂಡುಬಿಟ್ಟಿದ್ದಳು.

ರೆಕಾರ್ಡಿಂಗ್ ಮುಗಿಯುವ ಹೊತ್ತಿಗೆ ರೇಡಿಯೋ ಕ್ಯಾಂಟೀನಿನಲ್ಲಿ ಅವಳೆದುರು ಕೂತು, ಲೋಟವನ್ನು ಅತ್ತಿತ್ತ ತಿರುಗಿಸುತ್ತಾ, ಮಾತು ತೆಗೆದ.

"ನಾಳೆಗೆ ಕೆಲಸ ಮುಗಿಯುತ್ತೆ. ಆಮೇಲೆ ನಾನು ಇಲ್ಲಿಗೆ ಬರೋಕೆ ಕಾರಣ ಇರಲ್ಲ."

"ಹೌದು."

"ಕಾರಣ ಇಲ್ದೆ ಬರಬಹುದಾ?"

ಅವಳು ಅವನನ್ನೇ ನೋಡಿದಳು. ಅವನ ಲೋಟದಲ್ಲಿ ಟೀ ಆರಿ ಕೆನೆ ಕಟ್ಟಿತ್ತು.

"ಬಿಡಿಸಿ ಹೇಳ್ತೀನಿ," ಎಂದ ಅವನು. "ಸುಮ್ಮನೆ ಸುತ್ತಿ ಬಳಸಿ ಮಾತಾಡೋಕೆ ನನಗೆ ಬರಲ್ಲ. ನೀವು ನನಗೆ ಬೇಕು. ಮದುವೆ ಆಗೋಣ ಅಂತಲೇ ಕೇಳ್ತಿದೀನಿ. ಈಗಲೇ ಹೇಳ್ಬೇಕಾಗಿಲ್ಲ."

ಒಳಗೆ ಏನಾದರೂ ಅಲುಗುತ್ತದೆಯೇ ಎಂದು ಅವಳು ಕಾದಳು. ಏನೂ ಅಲುಗಲಿಲ್ಲ. ಆದರೆ ಇವನಿಗೆ ಸುಳ್ಳು ಹೇಳಬಾರದು ಎಂಬುದೊಂದು ಮಾತ್ರ ಸ್ಪಷ್ಟವಿತ್ತು.

"ಯೋಚನೆ ಮಾಡಿ ನಾಳೆ ಹೇಳ್ತೀನಿ," ಎಂದಳು.

ಯೋಚನೆ ಮಾಡಲು ಅವಳಿಗೆ ಗೊತ್ತಿದ್ದದ್ದು ಒಂದೇ ದಾರಿ. ಕೋಣೆಗೆ ಹೋಗಿ ಪ್ರಶ್ನಾವಳಿಯ ಒಂದು ಹೊಸ ಪ್ರತಿ ತೆಗೆದುಕೊಂಡಳು. ಮೊದಲ ಪುಟದ ಸೂಚನೆಗಳು ಅವಳಿಗೆ ಬಾಯಿಪಾಠ, ದಿನವೂ ಹೇಳುವಂಥವೇ. ಅದನ್ನು ಮಗುಚಿ ಹಾಕಿ ನೇರವಾಗಿ ವಾಕ್ಯಗಳಿಗೆ ಹೋದಳು. 'ಸಂತೋಷವಾಗಲಿ ದುಃಖವಾಗಲಿ ನನ್ನನ್ನು ಅಷ್ಟಾಗಿ ತಟ್ಟುವುದಿಲ್ಲ.' ಒಪ್ಪುತ್ತದೆ. 'ಜನರ ಜೊತೆ ಇರುವುದಕ್ಕಿಂತ ಒಂಟಿಯಾಗಿರುವುದೇ ನನಗೆ ಇಷ್ಟ.' ಒಪ್ಪುತ್ತದೆ. 'ಯಾರಾದರೂ ನನ್ನನ್ನು ಹಚ್ಚಿಕೊಂಡರೆ ನನಗೆ ಏನು ಮಾಡಬೇಕೆಂದು ತಿಳಿಯುವುದಿಲ್ಲ.' ಅಲ್ಲಿ ಪೆನ್ಸಿಲ್ ಕೊಂಚ ತಡೆಯಿತು. ಒಪ್ಪುತ್ತದೆ.

ಅಂಕ ಕೂಡಿಸಿದಳು. ಅನುಮಾನ, ಅಹಂಕಾರ, ದುಡುಕು ಎಲ್ಲ ತಳದಲ್ಲಿದ್ದವು. ಜನರಿಂದ ದೂರ ಸರಿಯುವ ಗುಣವನ್ನು ಅಳೆಯುವ ಭಾಗ ಮಾತ್ರ ಗೆರೆ ದಾಟಿ ಮೇಲೆ ಹೋಗಿತ್ತು. ಸಂಕಟವಾಗಲಿಲ್ಲ. ಬೇರೆಯವರ ಫಲಿತಾಂಶ ನೋಡಿದಂತೆ ನೋಡಿ ಎತ್ತಿಟ್ಟಳು.

ಮರುದಿನ ಕೊನೆಯ ವಾಕ್ಯ ಮುಗಿದು, ಅವನು ಮೈಕಿನ ವೈರ್ ಸುತ್ತುತ್ತಿದ್ದಾಗ ಹೇಳಿದಳು.

"ನನ್ನನ್ನ ನಾನೇ ಅಳೆದು ನೋಡ್ದೆ."

"ಯಾಕೆ?"

"ನಿಮಗೆ ಸರಿಯಾದ ಉತ್ತರ ಕೊಡೋಣ ಅಂತ. ನನ್ನ ಸ್ವಭಾವದಲ್ಲೇ ಇನ್ನೊಬ್ಬರು ಬೇಕು ಅನ್ನೋದು ಇಲ್ಲ. ಕೆಲವರು ಹಾಗಿರ್ತಾರೆ. ಮೊದಲಿನಿಂದ ಕೊನೇವರೆಗೂ ಹಾಗೇ ಇರ್ತಾರೆ, ಸುಲಭವಾಗಿ ಬದಲಾಗಲ್ಲ. ನಿಮಗೆ ನನ್ನಿಂದ ಏನೂ ಸಿಗಲ್ಲ."

ಅವನು ವೈರ್ ಸುತ್ತುವುದನ್ನು ನಿಲ್ಲಿಸಿದ. "ನಾನು ಬಂದ್ರೆ ನಿಮಗೆ ಬೇಜಾರಾಗುತ್ತಾ?"

"ಇಲ್ಲ."

"ಖುಷಿ ಆಗುತ್ತಾ?"

ಖಾಲಿ ಡಬ್ಬಿಯೊಳಗೆ ಕೈಯಾಡಿಸಿದ ಹಾಗೆ ಅವಳು ತನ್ನೊಳಗೆ ಹುಡುಕಿದಳು. "ಗೊತ್ತಾಗ್ತಿಲ್ಲ," ಎಂದಳು ಕೊನೆಗೆ.

ಅವನು ಸುತ್ತಿದ ವೈರನ್ನು ಬ್ಯಾಗಿಗೆ ಹಾಕಿದ. 

"ನಿಮ್ಮ ಶಾಸ್ತ್ರದ ಜೊತೆ ವಾದ ಮಾಡೋಷ್ಟು ನಾನು ಓದಿಲ್ಲ," ಎಂದ ಅವನು. ಕಣ್ಣಿನ ಅಂಚು ಸುಕ್ಕಾಗಲಿಲ್ಲ, ತುಟಿ ಮಾತ್ರ ನಕ್ಕಿತು. "ಇಲ್ಲ ಅಂದ್ರೆ ಇಲ್ಲ. ಬಂದು ಕಾಟ ಕೊಡಲ್ಲ. ಟೀಗೆ ಸಕ್ಕರೆ ಇದೆಯಾ ಅಂತ ನೋಡಿ ಕುಡೀರಿ."

ಅಷ್ಟು ಹೇಳಿ ಬ್ಯಾಗ್ ಹೆಗಲಿಗೇರಿಸಿ ಹೊರಟುಹೋದ. ಅವಳಿಗೆ ಅಳು ಬರಲಿಲ್ಲ. ದೀಪ ಆರಿಸಿ ಬೀಗ ಹಾಕಿದಳು. ಮುಂದಿನ ಸೋಮವಾರ ಮಾತ್ರ, ಅಭ್ಯಾಸಬಲದಿಂದ ಎಕ್ಸ್‌ರೇ ಕೋಣೆಗೆ ಹೋಗಿ ಎರಡು ಕುರ್ಚಿ ಎದುರುಬದುರು ಹಾಕಿ, ಕೂತು, ಆಮೇಲೆ ಏನು ಮಾಡುತ್ತಿದ್ದೇನೆಂದು ಹೊಳೆದು ಒಂದನ್ನು ಗೋಡೆಗೆ ಸರಿಸಿದಳು.

ಆ ವಿಭಾಗದಲ್ಲಿ ಒಂದು ಕಟ್ಟುನಿಟ್ಟಿತ್ತು. ಯಾವ ಪರೀಕ್ಷೆಯೇ ಆಗಲಿ, ರೋಗಿಗಳಿಗೆ ಕೊಡುವ ಮೊದಲು ಸಿಬ್ಬಂದಿಯಲ್ಲೊಬ್ಬರು ರೋಗಿಯ ಜಾಗದಲ್ಲೇ ಕೂತು, ಒಂದಕ್ಷರ ಬಿಡದೆ ಮೊದಲಿನಿಂದ ಕೊನೆಯವರೆಗೆ ಮಾಡಿ ನೋಡಬೇಕು. ದನಿಯ ಪರೀಕ್ಷೆಗೆ ಆ ಕೆಲಸ ಅವಳ ಪಾಲಿಗೆ ಬಂತು. ಹೆಡ್‌ಫೋನ್ ಹಾಕಿಕೊಂಡು, ಪೆನ್ಸಿಲ್ ಹಿಡಿದು, ಗುಂಡಿ ಒತ್ತಿದಳು.

'ನಮಸ್ಕಾರ,' ಎಂದಿತು ದನಿ.

ಅವಳೇ ತಿದ್ದಿದ ದನಿ. ಮರುಕವಿಲ್ಲ, ಗದರಿಕೆಯಿಲ್ಲ, ತುಂಟತನದ ಸುಳಿವೂ ಇಲ್ಲ. ಎಷ್ಟು ಚೆನ್ನಾಗಿ ಖಾಲಿ ಮಾಡಿದ್ದೇನೆ ಇವನನ್ನು ಎಂದುಕೊಂಡಳು.

'ಉತ್ತರಿಸುವ ಮೊದಲು ದಯವಿಟ್ಟು ಇದನ್ನು ಕೇಳಿ. ಈ ವಾಕ್ಯಗಳು ಈಚಿನ ದಿನಗಳಲ್ಲಿ ನೀವು ಹೇಗಿದ್ದೀರಿ ಎಂಬುದರ ಬಗ್ಗೆ ಅಲ್ಲ. ಕಾಯಿಲೆ, ಸಾವು, ಅಗಲಿಕೆಯಂಥ ಕಷ್ಟದ ಕಾಲದಲ್ಲಿ ಹೇಗಾದಿರಿ ಎಂಬುದರ ಬಗ್ಗೆಯೂ ಅಲ್ಲ. ಬುದ್ಧಿ ತಿಳಿದಾಗಿನಿಂದ, ಬದುಕಿನ ಬಹುಪಾಲು, ನೀವು ಎಂಥವರಾಗಿದ್ದಿರಿ ಎಂದು ನೆನೆದು ಉತ್ತರಿಸಿ.'

ಅವಳು ರೆಕಾರ್ಡಿಂಗ್ ನಿಲ್ಲಿಸಿದಳು. ಹಿಂದಕ್ಕೆ ತಿರುಗಿಸಿ ಮತ್ತೆ ಕೇಳಿದಳು. ಈ ಮಾತನ್ನು ಎಷ್ಟು ಜನರಿಗೆ ತಾನೇ ಹೇಳಿದ್ದಾಳೋ. ದುಃಖದಲ್ಲಿ ಬಂದವರನ್ನು ತಡೆದು, ಇವತ್ತಿನದ್ದು ಬೇಡ, ಮೊದಲಿನದ್ದು ಹೇಳಿ ಎಂದು ಎಷ್ಟು ಸಲ ತಿದ್ದಿದ್ದಾಳೋ. ತನಗೆ ಮಾತ್ರ ಯಾರೂ ಹೇಳಿರಲಿಲ್ಲ. ತಾನೂ ಹೇಳಿಕೊಂಡಿರಲಿಲ್ಲ.

ಸರಿ, ಮೊದಲು ಎಂಥವಳಾಗಿದ್ದೆ? ನೆನೆಯಲು ಕೂತಳು. ಅಮ್ಮನ ಔಷಧಿಯ ವಾಸನೆ, ಮಡಚಿಟ್ಟ ಹಾಸಿಗೆ, ಅದರಾಚೆಗೆ ಬರೀ ಮಂಜು. ಅಲ್ಲಿದ್ದವಳ ಮುಖವೇ ಕಾಣಿಸಲೊಲ್ಲದು.

ಇಂಥ ಹೊತ್ತಿಗೂ ಒಂದು ಉಪಾಯವಿತ್ತು. ತನ್ನ ಬಗ್ಗೆ ತಾನೇ ಸರಿಯಾಗಿ ಹೇಳಲಾರದವರಿಗೆ, ಅವರನ್ನು ಚಿಕ್ಕಂದಿನಿಂದ ಬಲ್ಲವರು ತುಂಬಿಕೊಡುವ ಇನ್ನೊಂದು ಪ್ರತಿ ಇರುತ್ತದೆ. ಅದನ್ನು ಬ್ಯಾಗಿಗೆ ಹಾಕಿಕೊಂಡು ಭಾನುವಾರ ಅಕ್ಕನ ಮನೆಗೆ ಹೋದಳು.

ಅಕ್ಕ ಒಗೆದ ಬಟ್ಟೆಯ ರಾಶಿಯ ನಡುವೆ ಕೂತು ಮಡಚುತ್ತಿದ್ದಳು. ಕಾಗದ ನೋಡಿ ಮೂಗು ಮುರಿದಳು.

"ಏನೇ ಇದು, ನನಗೂ ಪರೀಕ್ಷೆನಾ?"

"ನನಗೆ. ಉತ್ತರ ನೀನು ಹೇಳ್ಬೇಕು. ಅಮ್ಮ ಹುಷಾರು ತಪ್ಪೋಕೆ ಮುಂಚೆ ನಾನು ಹೇಗಿದ್ದೆ ಅಂತ."

"ಓದು ಮತ್ತೆ. ಕೈ ಬಿಡುವಿಲ್ಲ."

ಅವಳು ಓದಿದಳು, ಅಭ್ಯಾಸದಂತೆ ಸಪ್ಪೆಯಾಗಿ. "ಜನರ ಜೊತೆ ಇರುವುದಕ್ಕಿಂತ ಒಂಟಿಯಾಗಿರುವುದೇ ಇವರಿಗೆ ಇಷ್ಟ."

"ಯಾರಿಗೆ, ನಿನಗಾ?" ಅಕ್ಕ ಟವೆಲ್ ಕೈಯಲ್ಲಿ ಹಿಡಿದೇ ಕಣ್ಣರಳಿಸಿದಳು. "ನಾನು ಸ್ನಾನಕ್ಕೆ ಹೋದ್ರೆ ಬಚ್ಚಲ ಬಾಗಿಲಿಗೆ ಬೆನ್ನು ಕೊಟ್ಟು ಕೂತು, ಸ್ಕೂಲಲ್ಲಿ ಏನೇನಾಯ್ತು ಅಂತ ವದರ್ತಾ ಇದ್ದೆಯಲ್ಲೇ. ನಿನ್ನ ಕಾಟಕ್ಕೆ ನಾನು ನೆಮ್ಮದಿಯಾಗಿ ತಲೆಗೆ ನೀರು ಹಾಕ್ಕೊಂಡವಳಲ್ಲ. ಬರ್ಕೋ, ಒಪ್ಪಲ್ಲ."

"ಸಂತೋಷವಾಗಲಿ ದುಃಖವಾಗಲಿ ಇವರನ್ನು ಅಷ್ಟಾಗಿ ತಟ್ಟುವುದಿಲ್ಲ."

"ಬೆಕ್ಕು ಕಳೆದುಹೋಯ್ತು ಅಂತ ಊಟ ಬಿಟ್ಟು ಕೂತಿದ್ದೆ. ಅದೂ ಪಕ್ಕದ ಮನೆ ಬೆಕ್ಕು."

ಒಳಗಿನಿಂದ ಅಕ್ಕನ ಗಂಡ ದನಿ ಸೇರಿಸಿದರು. "ನಮ್ಮ ಮದುವೆ ದಿನ ಅವಳು ಅತ್ತಿದ್ದು ಹೇಳು. ನಾನೇನೋ ನಿನ್ನನ್ನ ಕದ್ದುಕೊಂಡು ಹೋಗ್ತಿದೀನಿ ಅಂತ ಬಂದವರೆಲ್ಲ ನನ್ನನ್ನೇ ನೋಡ್ತಿದ್ರು."

ಅವಳು ಗುರುತು ಹಾಕುತ್ತಾ ಹೋದಳು. ಒಪ್ಪುವುದಿಲ್ಲ. ಒಪ್ಪುವುದಿಲ್ಲ. ಅಕ್ಕ ಹೇಳುತ್ತಿದ್ದ ಆ ಹುಡುಗಿ ಯಾರೋ, ಅವಳಿಗೆ ಪರಿಚಯವಿಲ್ಲದವಳು. ಆದರೆ ಅಕ್ಕ ಸುಳ್ಳು ಹೇಳುವವಳಲ್ಲ.

"ಮತ್ತೆ ಅಮ್ಮ ಹೋದ ದಿನ ನಾನ್ಯಾಕೆ ಅಳಲಿಲ್ಲ ಅಕ್ಕ?"

ಅಕ್ಕ ಮಡಚುತ್ತಿದ್ದ ಬಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡಳು.

"ನಾನು ಅಮ್ಮನ ಕಾಲ ಹತ್ರ ಬಿದ್ದು ಅಳ್ತಿದ್ದೆ. ನೀನು ಬಂದವರಿಗೆಲ್ಲ ಟೀ ಮಾಡ್ತಿದ್ದೆ. ಆಸ್ಪತ್ರೆ ಕಾಗದ ನೀನು, ಫೋನು ನೀನು, ಲೋಟ ತೊಳೆದಿದ್ದೂ ನೀನು. ಅಳೋಕೆ ನಿನಗೆ ಯಾರೇ ಪುರಸೊತ್ತು ಕೊಟ್ರು? ನಿನ್ನ ಪಾಲಿನ ಅಳೂನೂ ನಾನೇ ಅತ್ತೆ, ನನ್ನ ಪಾಲಿನ ಕೆಲಸಾನೂ ನೀನೇ ಮಾಡ್ದೆ. ಅದು ಅಲ್ಲೇ ಸಿಕ್ಕಿಹಾಕ್ಕೊಂಡಿದೆ ಕಣೇ."

ಈಗಲಾದರೂ ಅವಳು ಅತ್ತಿರಬೇಕು ಎಂದು ನೀವು ಕಾಯುತ್ತಿದ್ದರೆ, ಇಲ್ಲ, ಅಳಲಿಲ್ಲ. ಅಕ್ಕನ ಪಕ್ಕ ಕೂತು ಉಳಿದ ಬಟ್ಟೆಗಳನ್ನು ಮಡಚಿದಳು. ಆದರೆ ಹೊರಡುವಾಗ ಅಕ್ಕ ಕೊಟ್ಟ ಟೀ ಬಾಯಿಗಿಟ್ಟು, "ಸಕ್ಕರೆ ಕಮ್ಮಿ," ಎಂದಳು. ಅಕ್ಕ ಸಕ್ಕರೆ ಡಬ್ಬಿಗೆ ಬೈಯುತ್ತಾ, ತನಗೇ ಬೈದುಕೊಳ್ಳುತ್ತಾ, ಅಡುಗೆಮನೆಗೆ ಹೋಗಿ ಕಣ್ಣೊರೆಸಿಕೊಂಡು ಬಂದಳು.

ಡಾಕ್ಟರಮ್ಮ ಎರಡೂ ಪ್ರತಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ ಕನ್ನಡಕ ತೆಗೆದರು.

"ಸ್ವಭಾವ ಅಳೆಯೋ ಕೋಲಲ್ಲಿ ದುಃಖ ಅಳೆದಿದ್ದೀಯಲ್ಲಮ್ಮ. ಹೊಸದಾಗಿ ಕೆಲಸಕ್ಕೆ ಸೇರಿದವರು ಮಾಡೋ ತಪ್ಪು."

"ಗೊತ್ತು ಮೇಡಂ."

"ಇದಕ್ಕೆ ನನ್ನ ಹತ್ರ ಅಲ್ಲ, ಹೊರಗೆ ಬೇರೆ ಡಾಕ್ಟರ ಹತ್ರ ಹೋಗು. ನಾನೇ ಬರೆದು ಕೊಡ್ತೀನಿ. ನಿಧಾನ ಆಗುತ್ತೆ, ಆದ್ರೆ ಈ ಗಂಟು ಸಡಿಲ ಆಗುತ್ತೆ. ಸುಳ್ಳು ಧೈರ್ಯ ಹೇಳೋದಾದ್ರೆ ಬೇರೆಯವರಿಗೆ ಹೇಳ್ತೀನಿ, ನಿನಗೆ ಯಾಕೆ ಹೇಳ್ಲಿ?" ಒಂದು ಗಳಿಗೆ ಬಿಟ್ಟು ಕೇಳಿದರು, "ರೆಕಾರ್ಡಿಂಗ್ ಹೇಗಿದೆ? ಮತ್ತೆ ಕರೆಸಬೇಕಾ ಆ ಹುಡುಗನ್ನ?"

"ಬೇಡ. ಎಲ್ಲ ಸರಿಯಿದೆ."

ಹೊರಗೆ ಬಂದು ಕಾರಿಡಾರಿನ ಕಿಟಕಿಯ ಬಳಿ ನಿಂತು ಫೋನ್ ಮಾಡಿದಳು. ಅವನು ಎತ್ತಿದ.

"ಹೇಳಿ ಮೇಡಂ. ಯಾವ ವಾಕ್ಯ ಸರಿಯಾಗಿಲ್ಲ?"

"ವಾಕ್ಯ ಎಲ್ಲ ಸರಿಯಾಗಿವೆ."

"ಮತ್ತೆ ಫೋನ್ ಮಾಡಿದ ಕಾರಣ?"

"ಕಾರಣ ಇಲ್ಲ," ಎಂದಳು ಅವಳು. "ಬನ್ನಿ."

ಆ ಕಡೆ, ದನಿಯನ್ನೇ ನಂಬಿ ಬದುಕಿದವನಿಗೆ ದನಿಯೇ ಹೊರಡಲಿಲ್ಲ.

ಅವನು ಬಂದಾಗ ಎಕ್ಸ್‌ರೇ ಕೋಣೆಯಲ್ಲಿ ಎರಡು ಕುರ್ಚಿ ಎದುರುಬದುರಾಗಿದ್ದವು. ಅವಳು ಬಾಗಿಲು ಮುಚ್ಚಿ, ಕೂತು, ಹೇಳಬೇಕಾದ್ದನ್ನು ಒಂದೇ ಉಸಿರಿಗೆ ಹೇಳಿದಳು.

"ನಿಮಗೆ ತಪ್ಪು ಉತ್ತರ ಕೊಟ್ಟು ಕಳಿಸಿದ್ದೆ. ನಾನು ಮೊದಲಿನಿಂದ ಹೀಗಿರಲಿಲ್ಲ. ಅಮ್ಮ ಹೋದ ಮೇಲೆ ಹೀಗಾಗಿದ್ದು. ಈಗಲೂ ನನಗೆ ಅಂಥದ್ದೇನೂ ಅನ್ನಿಸ್ತಿಲ್ಲ. ಇದು ಯಾವಾಗ ಸರಿ ಹೋಗುತ್ತೋ ಗೊತ್ತಿಲ್ಲ. ಡಾಕ್ಟರ ಹತ್ರ ಹೋಗೋಕೆ ಶುರು ಮಾಡ್ತಿದೀನಿ. ಆದ್ರೆ ನೀವು ಹೋದ ಮೇಲೂ ಎರಡು ಕುರ್ಚಿ ಹಾಕಿದ್ದೆ. ಅದು ಯಾಕೆ ಅಂತ ನನಗೆ ತಿಳ್ಕೋಬೇಕು. ಕಾಯೋಕೆ ಆಗುತ್ತಾ?"

ಅವನು ಮೇಜಿನತ್ತ ನೋಡಿದ. "ಮೈಕ್ ಆನ್ ಆಗಿದೆಯಾ?"

"ಇಲ್ಲ."

"ನೀವು ನನಗೆ ಬೇಕು," ಎಂದ ಅವನು. "ಹೇಗಿದ್ದೀರೋ ಹಾಗೆ." ಕೊನೆಯ ಮಾತಿಗೆ ಬರುವಷ್ಟರಲ್ಲಿ ದನಿ ನಡುಗಿಬಿಟ್ಟಿತು.

ಅವಳ ತೋರುಬೆರಳು ಮೆಲ್ಲನೆ ಮೇಲೆದ್ದಿತು.

ಅಭ್ಯಾಸವೆಂದರೆ ಅಭ್ಯಾಸ. ಅವನು ಗಂಟಲು ಸರಿಮಾಡಿಕೊಂಡು, ಬೆನ್ನು ನೆಟ್ಟಗೆ ಮಾಡಿ, ಅವಳೇ ಕಲಿಸಿದ ಹಾಗೆ, ಎಲ್ಲ ಭಾವನೆ ಹಿಂಡಿ ತೆಗೆದು ಸಪ್ಪೆಯಾಗಿ ಹೇಳಿದ. "ನೀವು ನನಗೆ ಬೇಕು. ಹೇಗಿದ್ದೀರೋ ಹಾಗೆ."

ಬೆರಳು ಇಳಿಯಲಿಲ್ಲ.

"ಇನ್ನೂ ಸಪ್ಪೆಯಾಗಬೇಕಾ?"

"ಬೇಡ," ಎಂದಳು ಅವಳು. "ಮೊದಲು ಹೇಳಿದ ಹಾಗೆ. ಇನ್ನೊಂದ್ಸಲ."